ಮಸೂದೆಯು ಸಮಿತಿಗೆ ಹೋದ ಮೇಲೆ



ವಿಧಾನಮಂಡಲದ ಅಧಿವೇಶನವು ನಡೆಯುತ್ತಿರುವ ದಿನಗಳಲ್ಲಿ ವೃತ್ತಪತ್ರಿಕೆಯನ್ನು ತೆರೆದರೆ ಕೂಗಾಟ, ಸಭಾತ್ಯಾಗ, ಮಾತಿನ ಚಕಮಕಿ ಇವುಗಳಿಗೆ ಮೊದಲನೆಯ ಪುಟದಲ್ಲಿ ಎಡೆ ದೊರೆತಿರುತ್ತದೆ. ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ಸುದ್ದಿಯೊಂದು ಅಡಗಿರುತ್ತದೆ: ಇಂಥ ಮಸೂದೆಯನ್ನು ಮಂಡಿಸಲಾಯಿತು; ಅದನ್ನು ಉಭಯ ಸದನಗಳ ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಲಾಯಿತು. ಓದುವವರು ಅದನ್ನು ದಾಟಿ ಮುಂದಕ್ಕೆ ಹೋಗುತ್ತಾರೆ. ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯು ಒಮ್ಮೆ, "ಸಮಿತಿಗೆ ಹೋಯಿತೆಂದರೆ ಬೀರುವಿಗೆ ಹೋಯಿತೆಂದೇ ಅಲ್ಲವೇ, ಸಾರ್?" ಎಂದು ಕೇಳಿದನು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಗಂಟೆ ಹೊಡೆದುದರಿಂದ ಉತ್ತರವು ಅಂದು ಉಳಿದುಹೋಯಿತು. ಆ ಸಾಲವನ್ನು ಇಂದು ತೀರಿಸಲು ಯತ್ನಿಸುತ್ತೇನೆ.

ಮಸೂದೆಯೆಂದರೆ ಇನ್ನೂ ಕಾನೂನಾಗದಿರುವ ಕರಡು. ಅದು ಕಲಮು ಕಲಮಾಗಿ ಅಚ್ಚಾಗಿ, ಕೊನೆಯಲ್ಲಿ ಉದ್ದೇಶ ಮತ್ತು ಕಾರಣಗಳ ಒಂದು ಹೇಳಿಕೆಯನ್ನು ಕೂಡಿಸಿಕೊಂಡು ಸದನಕ್ಕೆ ಬರುತ್ತದೆ. ಅದನ್ನು ಮಂಡಿಸಲು ಅಪ್ಪಣೆ ಕೇಳುವಾಗ ಸಾಮಾನ್ಯವಾಗಿ ಚರ್ಚೆಯಿರುವುದಿಲ್ಲ. ಆ ಬಳಿಕ ಸದನದ ಮುಂದೆ ನಾಲ್ಕು ದಾರಿಗಳಿವೆ. ಮಸೂದೆಯನ್ನು ಒಡನೆಯೇ ಪರ್ಯಾಲೋಚನೆಗೆ ತೆಗೆದುಕೊಳ್ಳಬಹುದು. ತನ್ನ ಸದಸ್ಯರದೇ ಆದ ಪರಿಶೀಲನಾ ಸಮಿತಿಗೆ, ಅಂದರೆ ನಮ್ಮ ಹಿರಿಯರು ಸೆಲೆಕ್ಟ್ ಕಮಿಟಿಯೆಂದು ಕರೆಯುತ್ತಿದ್ದ ಸಮಿತಿಗೆ, ಒಪ್ಪಿಸಬಹುದು. ಇನ್ನೊಂದು ಸದನದ ಸಮ್ಮತಿ ಪಡೆದು ಜಂಟಿ ಸಮಿತಿಗೆ ಕಳುಹಿಸಬಹುದು. ಅಥವಾ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಹೊರಗೆ ಬಿಡಬಹುದು. ಈ ಕೊನೆಯ ದಾರಿಗೂ ನಡುವಿನ ಎರಡಕ್ಕೂ ಒಂದು ಅಂತರವುಂಟು. ಅದನ್ನು ತಿಳಿಯದೆ ಅನೇಕರು ಸಮಿತಿಯಿಂದ ಸಲ್ಲದುದನ್ನು ನಿರೀಕ್ಷಿಸುತ್ತಾರೆ. ಅಭಿಪ್ರಾಯಕ್ಕಾಗಿ ಹೊರಗೆ ಬಿಟ್ಟಾಗ ಸದನವು ಇನ್ನೂ ಏನನ್ನೂ ಒಪ್ಪಿರುವುದಿಲ್ಲ. ಸಮಿತಿಗೆ ಒಪ್ಪಿಸಿತೆಂದರೆ ಮಸೂದೆಯ ಮೂಲತತ್ತ್ವವನ್ನು ಒಪ್ಪಿತೆಂದೇ ಸಂಸದೀಯ ಸಂಪ್ರದಾಯದ ಅರ್ಥ. ಗಿಡವನ್ನು ಕೀಳುವ ಅಧಿಕಾರ ಸಮಿತಿಗಿಲ್ಲ. ಕೊಂಬೆಗಳನ್ನು ಕತ್ತರಿಸಿ ಸರಿಪಡಿಸುವ ಅಧಿಕಾರವಿದೆ.

ಆದರೆ ಈ ಕೊಂಬೆಗಳ ಕೆಲಸವು ಅಲ್ಪವಾದುದೆಂದು ಯಾರೂ ಭಾವಿಸಬಾರದು. ಕಾನೂನಿನ ಕನ್ನಡದಲ್ಲಿ 'ತಕ್ಕದ್ದು' ಎಂಬುದೊಂದು ಮಾತು, 'ಬಹುದು' ಎಂಬುದು ಇನ್ನೊಂದು. ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳನ್ನು ರಚಿಸತಕ್ಕದ್ದು ಎಂದು ಸಂವಿಧಾನದ ೨೪೩-ಎಸ್ ಅನುಚ್ಛೇದವು ಹೇಳುತ್ತದೆ. ಅಲ್ಲಿ 'ರಚಿಸಬಹುದು' ಎಂದಿದ್ದಿದ್ದರೆ, ಸಮಿತಿಯೇ ಇಲ್ಲದ ನಗರದ ಪ್ರಜೆಯು ನ್ಯಾಯಾಲಯದ ಬಾಗಿಲಿಗೆ ಹೋಗಿ ಕೇಳುವುದಕ್ಕೆ ಆಧಾರವೇ ಇರುತ್ತಿರಲಿಲ್ಲ. ಮೂರಕ್ಷರದ ವ್ಯತ್ಯಾಸ, ಒಂದು ಕಡೆ ಹಕ್ಕು, ಇನ್ನೊಂದು ಕಡೆ ಕೃಪೆ. 'ನಿಯಮಗಳ ಮೂಲಕ ಗೊತ್ತುಪಡಿಸಬಹುದಾದಂತೆ' ಎಂಬ ಪದಪುಂಜವೂ ಹಾಗೆಯೇ. ಓದುವುದಕ್ಕೆ ನಿರಪಾಯವಾಗಿ ತೋರುತ್ತದೆ. ಅದರ ತಾತ್ಪರ್ಯವಾದರೋ, ಶುಲ್ಕವೆಷ್ಟು, ಅರ್ಹತೆಯೇನು, ಗಡುವು ಯಾವಾಗ ಎಂಬುದನ್ನು ಸದನವು ನಿರ್ಣಯಿಸುವುದಿಲ್ಲ, ಮುಂದೆ ಸರಕಾರವೇ ನಿರ್ಣಯಿಸುವುದು ಎಂದು. ಸದನದ ಗದ್ದಲದಲ್ಲಿ ಇಂಥ ಮಾತುಗಳನ್ನು ಹುಡುಕಿ ಹಿಡಿಯುವವರಿಲ್ಲ. ಅಕ್ಕಿಯನ್ನು ಮೊರದಲ್ಲಿ ಕೇರಿ ಕಲ್ಲನ್ನು ಆರಿಸುವ ಕೆಲಸವು ಅಡಿಗೆಯ ಮನೆಯ ಮೂಲೆಯಲ್ಲಿ ಕುಳಿತು ಮಾಡುವುದೇ ಹೊರತು ಊಟದ ಪಂಕ್ತಿಯ ನಡುವೆ ಮಾಡುವುದಲ್ಲ.

ಸಮಿತಿಯಲ್ಲಿ ಆಳುವ ಪಕ್ಷದವರೂ ವಿರೋಧಪಕ್ಷದವರೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅಲ್ಲಿ ಪ್ರೇಕ್ಷಕರ ಗ್ಯಾಲರಿಯಿಲ್ಲ, ವರದಿಗಾರರಿಲ್ಲ. ಆದುದರಿಂದ ಭಾಷಣಕ್ಕೆ ಪ್ರೋತ್ಸಾಹವಿಲ್ಲ. ಕರಡನ್ನು ಬರೆದ ಅಧಿಕಾರಿಗಳನ್ನು ಕರೆಯಿಸಿ, ಈ ಕಲಮು ಏಕೆ, ಈ ಮಾತು ಏಕೆ ಎಂದು ಕೇಳಬಹುದು. ಮಸೂದೆಯಿಂದ ಬಾಧಿತರಾಗುವವರನ್ನೂ ವಿಷಯತಜ್ಞರನ್ನೂ ವಿಚಾರಿಸಬಹುದು. ತೀರ್ಮಾನವು ಬಹುಮತದಿಂದ, ಒಪ್ಪದವರು ತಮ್ಮ ಭಿನ್ನಮತವನ್ನು ಬರೆದು ವರದಿಗೆ ಲಗತ್ತಿಸಬಹುದು. ಸಮಿತಿಯು ತಿದ್ದಿದ ಮಸೂದೆಯು ಹೊಸದಾಗಿ ಅಚ್ಚಾಗಿ ಸದನಕ್ಕೆ ಹಿಂದಿರುಗುತ್ತದೆ. ಲೋಕಸಭೆಯ ರೂಢಿಯಲ್ಲಿ ಸೇರಿಸಿದ ಮಾತುಗಳನ್ನು ಗುರುತು ಮಾಡಿ, ತೆಗೆದುಹಾಕಿದ ಸ್ಥಳದಲ್ಲಿ ನಕ್ಷತ್ರಚಿಹ್ನೆಗಳನ್ನು ಇಡುತ್ತಾರೆ. ನನಗೆ ಆ ನಕ್ಷತ್ರಗಳನ್ನು ಹಿಂಬಾಲಿಸುವುದರಲ್ಲಿ ಒಂದು ಬಗೆಯ ಸಂತೋಷವಿದೆಯೆಂದು ಒಪ್ಪಿಕೊಳ್ಳುತ್ತೇನೆ. ಮನೆಯವರು ಇದನ್ನು ಹವ್ಯಾಸವೆಂದು ಗಣಿಸುವುದಿಲ್ಲ.

ಕಾನೂನಾಗುವ ಮುನ್ನ ಪ್ರಜೆಗಳ ಮಾತನ್ನು ಕೇಳಬೇಕೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ದಸರಾ ಕಾಲದಲ್ಲಿ ಕೂಡಿಸಿದಾಗ ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ; ಅಹವಾಲುಗಳನ್ನು ಹೇಳಿಕೊಳ್ಳುವ ಸಭೆ ಅದು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿತು. ೧೯೨೩ರ ಸುಧಾರಣೆಗಳಿಂದ, ತುರ್ತಿನ ಸಂದರ್ಭಗಳನ್ನು ಬಿಟ್ಟರೆ, ಮಸೂದೆಯ ಮೂಲತತ್ತ್ವಗಳನ್ನು ನ್ಯಾಯವಿಧಾಯಕ ಸಭೆಗೆ ತರುವುದಕ್ಕೆ ಮೊದಲೇ ಪ್ರಜಾಪ್ರತಿನಿಧಿ ಸಭೆಯ ಮುಂದಿಡಬೇಕೆಂದು ಏರ್ಪಾಡಾಯಿತು. ಹಿಂದೂ ಸ್ತ್ರೀಯರ ಆಸ್ತಿಹಕ್ಕಿನ ಪ್ರಶ್ನೆ ಬಂದಾಗ ಮಸೂದೆಗೂ ಮುಂಚೆಯೇ, ನಿವೃತ್ತ ಮುಖ್ಯ ನ್ಯಾಯಾಧೀಶರಾದ ಕೆ. ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಅದನ್ನು ವಿಚಾರಮಾಡಿತು. ೧೯೩೩ರಲ್ಲಿ ಮೈಸೂರಿನ ಕಾನೂನು ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಆಸ್ತಿಯಲ್ಲಿ ಪಾಲು ಕೊಟ್ಟ ಕಾನೂನು ೧೯೩೭ರದು. ವಿಚಾರಕ್ಕೆ ಕಾಲ ತೆಗೆದುಕೊಂಡ ಸಂಸ್ಥಾನವೇ ನಾಲ್ಕು ವರ್ಷ ಮುಂದಿದ್ದಿತು.

ಹಾಗೆಂದು ಸಮಿತಿಯನ್ನು ಹೊಗಳಿ ಸುಮ್ಮನಾಗಲು ನನ್ನಿಂದಾಗದು. ನನ್ನ ವಿದ್ಯಾರ್ಥಿಯ ಸಂದೇಹಕ್ಕೂ ಆಧಾರವಿದೆ. ಆ ಆಧಾರವು ನಮ್ಮ ರಾಜಧಾನಿಯಲ್ಲೇ ಇದೆ. ಬೆಂಗಳೂರಿನ ಆಡಳಿತದ ಮಸೂದೆಯು ಹತ್ತು ವರ್ಷಗಳಲ್ಲಿ ಮೂರು ಬಾರಿ ಸಮಿತಿಯ ಮೇಜಿಗೆ ಹೋಯಿತು.

ಮೊದಲನೆಯದು ೧೯೮ ವಾರ್ಡುಗಳ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ವಿಭಜಿಸಲು ಅವಕಾಶ ಕೊಡುವ ಮಸೂದೆ. ೨೦೧೫ರ ಏಪ್ರಿಲ್ ತಿಂಗಳಲ್ಲಿ ವಿಧಾನಸಭೆಯು ಅದನ್ನು ಅಂಗೀಕರಿಸಿತು. ವಿರೋಧಪಕ್ಷಗಳಿಗೆ ಬಹುಮತವಿದ್ದ ವಿಧಾನಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಇಲ್ಲಿ ಸಂವಿಧಾನದ ೧೯೭ನೆಯ ಅನುಚ್ಛೇದವನ್ನು ನೆನೆಯಬೇಕು. ವಿಧಾನಸಭೆಯು ಒಪ್ಪಿ ಕಳುಹಿಸಿದ ಸಾಮಾನ್ಯ ಮಸೂದೆಯನ್ನು ಪರಿಷತ್ತು ಮೂರು ತಿಂಗಳವರೆಗೆ ತಡೆದಿಡಬಹುದು. ಆಮೇಲೆ ವಿಧಾನಸಭೆಯು ಅದನ್ನು ಮತ್ತೊಮ್ಮೆ ಅಂಗೀಕರಿಸಿದರೆ ಪರಿಷತ್ತಿಗೆ ಉಳಿಯುವುದು ಇನ್ನೊಂದೇ ತಿಂಗಳು. ಆದ್ದರಿಂದ ಪರಿಷತ್ತಿನಲ್ಲಿ ಸಮಿತಿಗೆ ಕಳುಹಿಸುವುದು ಕೆಲವೊಮ್ಮೆ ಪರಿಶೀಲನೆ, ಕೆಲವೊಮ್ಮೆ ಗಡಿಯಾರವನ್ನು ನಂಬಿದ ಯುದ್ಧತಂತ್ರ. ೨೦೧೫ರಲ್ಲಿ ನಡೆದುದು ಯಾವುದು ಎಂಬುದನ್ನು ಶ್ರೋತೃಗಳೇ ಊಹಿಸಬಲ್ಲರು. ನಗರವು ಆಗ ಒಡೆಯಲಿಲ್ಲ; ಅದೇ ವರ್ಷ ಆಗಸ್ಟಿನಲ್ಲಿ ೧೯೮ ವಾರ್ಡುಗಳಿಗೇ ಚುನಾವಣೆ ನಡೆಯಿತು.

ಎರಡನೆಯದು ೨೦೨೦ರದು. ಬೆಂಗಳೂರಿಗೆ ಪ್ರತ್ಯೇಕ ಕಾನೂನು ಬೇಕೆಂಬ ಮಸೂದೆಯನ್ನು ಆ ವರ್ಷದ ಮಾರ್ಚಿಯಲ್ಲಿ ಮಂಡಿಸಿ, ಶಾಸಕ ಎಸ್. ರಘು ಅವರ ಅಧ್ಯಕ್ಷತೆಯ ಜಂಟಿ ಸಮಿತಿಗೆ ಒಪ್ಪಿಸಿದರು. ವಾರ್ಡುಗಳು ೨೪೩ ಆಗಬೇಕೆಂದು ಸಮಿತಿಯು ಸಲಹೆಯಿತ್ತಿತು. ಡಿಸೆಂಬರಿನಲ್ಲಿ ಕಾನೂನು ಅಂಗೀಕಾರವಾಯಿತು. ಅಷ್ಟರಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ಪಾಲಿಕೆಯ ಐದು ವರ್ಷಗಳ ಅವಧಿಯು ಮುಗಿದು ಆಡಳಿತಾಧಿಕಾರಿಯ ನೇಮಕವಾಗಿದ್ದಿತು. ವಾರ್ಡುಗಳ ಸಂಖ್ಯೆಯು ಹೆಚ್ಚಿತೆಂದರೆ ಗಡಿಗಳನ್ನು ಮತ್ತೆ ಎಳೆಯಬೇಕು, ಮೀಸಲಾತಿಯನ್ನು ಮತ್ತೆ ಹಂಚಬೇಕು, ಆಕ್ಷೇಪಣೆಗಳನ್ನು ಕೇಳಬೇಕು, ಕೇಳದಿದ್ದರೆ ಮೊಕದ್ದಮೆಗಳನ್ನು ಎದುರಿಸಬೇಕು. ಹಳೆಯ ೧೯೮ ವಾರ್ಡುಗಳಿಗೇ ಚುನಾವಣೆ ನಡೆಸಿರೆಂದು ಉಚ್ಚ ನ್ಯಾಯಾಲಯವು ಅದೇ ಡಿಸೆಂಬರಿನಲ್ಲಿ ಆಜ್ಞಾಪಿಸಿತು. ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆ ಕೊಟ್ಟಿತು. ೨೦೨೨ರಲ್ಲಿ ೨೪೩ ವಾರ್ಡುಗಳ ಗಡಿಗಳು ಪ್ರಕಟವಾದುವು. ೨೦೨೩ರಲ್ಲಿ ಆ ಸಂಖ್ಯೆ ೨೨೫ಕ್ಕೆ ಇಳಿಯಿತು. ಚುನಾವಣೆಯು ಮಾತ್ರ ನಡೆಯಲಿಲ್ಲ.

ಮೂರನೆಯದಾದ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯು ೨೦೨೪ರ ಜುಲೈಯಲ್ಲಿ ಬಂದಿತು. ಒಂದು ಪ್ರಾಧಿಕಾರದ ಅಡಿಯಲ್ಲಿ ಹಲವು ಪಾಲಿಕೆಗಳು, ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು, ಇದು ಅದರ ಚೌಕಟ್ಟು. ಶಾಸಕ ರಿಜ್ವಾನ್ ಅರ್ಷದ್ ಅವರ ಅಧ್ಯಕ್ಷತೆಯ ಜಂಟಿ ಸಮಿತಿಯು ನಾಗರಿಕರ ಅಭಿಪ್ರಾಯವನ್ನೂ ಕೇಳಿ, ೨೦೨೫ರ ಫೆಬ್ರವರಿಯಲ್ಲಿ ವರದಿಯನ್ನು ಒಪ್ಪಿಸಿತು. ಮೂಲ ಮಸೂದೆಯು ಹತ್ತು ಪಾಲಿಕೆಗಳವರೆಗೆ ಅವಕಾಶ ಕೊಟ್ಟಿದ್ದಿತು. ಸಮಿತಿಯು ಆ ಮಿತಿಯನ್ನು ಏಳಕ್ಕೆ ಇಳಿಸಿತು. ಚುನಾಯಿತ ಮೇಯರ್‌ಗಳ ಮೇಲೆ ಮುಖ್ಯಮಂತ್ರಿಗಳ ಪ್ರಾಧಿಕಾರವನ್ನು ಇಡುವುದು ಸಂವಿಧಾನದ ೭೪ನೆಯ ತಿದ್ದುಪಡಿಯ ಆಶಯಕ್ಕೆ ಒಗ್ಗುವುದೇ ಎಂದು ಅನೇಕರು ಕೇಳಿದರು. ಆ ಚೌಕಟ್ಟು ಮಾತ್ರ ಉಳಿಯಿತು. ನಾನು ಮೊದಲು ಹೇಳಿದ ಗಿಡದ ಮತ್ತು ಕೊಂಬೆಯ ಭೇದವು ಇಲ್ಲಿ ಕಣ್ಣಿಗೆ ಕಾಣುತ್ತದೆ. ಮಾರ್ಚಿಯಲ್ಲಿ ಸದನಗಳು ಒಪ್ಪಿದುವು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಏಪ್ರಿಲ್‌ನಲ್ಲಿ ಅಂಕಿತ ಹಾಕಿದರು. ಮೇ ೧೫ರಿಂದ ಕಾನೂನು ಜಾರಿಗೆ ಬಂದಿತು. ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಹುಟ್ಟಿದುವು. ವಾರ್ಡುಗಳು ೩೬೯ ಎಂದು ಗೊತ್ತಾದುವು.

ಐದು ವರ್ಷಗಳು! ೨೦೧೧ರ ಜನಗಣತಿಯಲ್ಲಿಯೇ ೮೪ ಲಕ್ಷ ಜನರಿದ್ದ ನಗರವು ೨೦೨೦ರ ಸೆಪ್ಟೆಂಬರಿನಿಂದ ೨೦೨೫ರ ಸೆಪ್ಟೆಂಬರಿನವರೆಗೆ ಒಬ್ಬನೇ ಒಬ್ಬ ಚುನಾಯಿತ ಪಾಲಿಕೆ ಸದಸ್ಯನಿಲ್ಲದೆ ಕಳೆಯಿತು; ಹೊಸ ಪಾಲಿಕೆಗಳೂ ಆಡಳಿತಾಧಿಕಾರಿಗಳ ಕೈಯಲ್ಲೇ ಆರಂಭವಾದುವು. ಬೀದಿಯ ಚರಂಡಿ ಕಟ್ಟಿಕೊಂಡಾಗ ಗೃಹಸ್ಥನು ಹೋಗಿ ನಿಲ್ಲಬಹುದಾದ ಬಾಗಿಲು, ಮುಂದಿನ ಸಲ ಮತ ಕೊಡೆನೆಂದು ಹೆದರಿಸಬಹುದಾದ ಮನುಷ್ಯ, ಇವೆರಡೂ ಇಲ್ಲದೆ ಹೋದುವು. ಇದಕ್ಕೆಲ್ಲ ಸಮಿತಿಗಳೇ ಕಾರಣವೆಂದರೆ ಅನ್ಯಾಯವಾದೀತು. ೨೦೨೦ರ ಸಮಿತಿಯು ಒಂಬತ್ತು ತಿಂಗಳೊಳಗೆ, ೨೦೨೪ರದು ಎಂಟು ತಿಂಗಳೊಳಗೆ ಕೆಲಸ ಮುಗಿಸಿದುವು. ಇದು ಅತಿಯಾದ ಕಾಲವಲ್ಲ. ದೋಷವಿರುವುದು ಹಳೆಯ ಕಾನೂನಿನಂತೆ ಚುನಾವಣೆಯನ್ನು ನಡೆಸಿಬಿಟ್ಟು, ಹೊಸದನ್ನು ನಿಧಾನವಾಗಿ ವಿಚಾರ ಮಾಡೋಣವೆಂಬ ಬುದ್ಧಿ ಯಾರಿಗೂ ಬಾರದೆ ಹೋದುದರಲ್ಲಿ. ಅಥವಾ ಬಂದರೂ ಅದನ್ನು ಅದುಮಿಟ್ಟುದರಲ್ಲಿ. ಪರಿಶೀಲನೆಯು ಪಾಲಿಕೆಯ ಸ್ಥಾನದಲ್ಲಿ ಕುಳಿತುಕೊಳ್ಳಬಾರದು.

ಎದುರುಬದಿಯ ಅಪಾಯವು ಇದಕ್ಕಿಂತ ದೊಡ್ಡದೆಂದು ನನ್ನ ಎಣಿಕೆ. ಹದಿನೈದನೆಯ ಲೋಕಸಭೆಯ ಅವಧಿಯಲ್ಲಿ, ೨೦೦೯ರಿಂದ ೨೦೧೪ರವರೆಗೆ, ಸಂಸತ್ತಿನ ಮಸೂದೆಗಳಲ್ಲಿ ನೂರಕ್ಕೆ ಸುಮಾರು ೭೧ ಸಮಿತಿಗಳ ಪರಿಶೀಲನೆಗೆ ಹೋಗಿದ್ದುವು. ೨೦೧೯ರಿಂದ ೨೦೨೪ರವರೆಗಿನ ಹದಿನೇಳನೆಯ ಲೋಕಸಭೆಯ ಕಾಲಕ್ಕೆ ಇದು ಸುಮಾರು ೧೬ಕ್ಕೆ ಇಳಿದಿದ್ದಿತು. ಅಲ್ಲಿ ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯೀ ಸಮಿತಿಗಳು ೧೯೯೩ರಿಂದಲೇ ಇವೆ. ಇದ್ದೂ ಈ ಸ್ಥಿತಿ. ರಾಜ್ಯಗಳಲ್ಲಿ ಅಧಿವೇಶನಗಳೇ ಗಿಡ್ಡ. ಬೆಳಿಗ್ಗೆ ಮಂಡನೆಯಾಗಿ ಸಂಜೆಗೆ ಧ್ವನಿಮತದಿಂದ ಅಂಗೀಕಾರವಾಗುವ ಮಸೂದೆಗಳನ್ನು ನಾವು ಕಂಡಿದ್ದೇವೆ. ಅಂಥ ಮಸೂದೆಯಲ್ಲಿ 'ತಕ್ಕದ್ದು' ಎಲ್ಲಿ, 'ಬಹುದು' ಎಲ್ಲಿ ಎಂಬುದನ್ನು ಮೊದಲು ಓದುವವರು ಶಾಸಕರಲ್ಲ, ವಕೀಲರು; ಅದೂ ಯಾರಿಗಾದರೂ ಕಷ್ಟವೊದಗಿದ ಮೇಲೆ.

ಕೆಲವು ಸಂಗತಿಗಳನ್ನು ಶ್ರೋತೃಗಳು ನೆನಪಿಡುವುದು ಒಳ್ಳೆಯದು. ಅಧಿವೇಶನವು ಮುಕ್ತಾಯವಾದ ಮಾತ್ರಕ್ಕೆ ಸಮಿತಿಯಲ್ಲಿರುವ ಮಸೂದೆಯು ಬಿದ್ದುಹೋಗುವುದಿಲ್ಲ. ಆದರೆ ವಿಧಾನಸಭೆಯೇ ವಿಸರ್ಜನೆಯಾದರೆ ಅಲ್ಲಿ ಬಾಕಿಯಿದ್ದುದು ಬಿದ್ದುಹೋಗುತ್ತದೆ. ಪರಿಷತ್ತಿನಲ್ಲೇ ಹುಟ್ಟಿ ವಿಧಾನಸಭೆಯು ಇನ್ನೂ ಅಂಗೀಕರಿಸದಿರುವುದು ಮಾತ್ರ ಉಳಿಯುತ್ತದೆ. ಹೀಗಾಗಿ ಚುನಾವಣೆ ಸಮೀಪಿಸಿದ ವರ್ಷದಲ್ಲಿ ಸಮಿತಿಗೆ ಹೋದ ಮಸೂದೆಯ ವಿಷಯದಲ್ಲಿ ನನ್ನ ವಿದ್ಯಾರ್ಥಿಯ ಬೀರುವಿನ ಮಾತು ನಿಜವಾಗಲೂಬಹುದು. ವರದಿಗೆ ಗಡುವು ಇದೆಯೇ, ಅದನ್ನು ಎಷ್ಟು ಸಲ ಮುಂದೂಡಿದರು ಎಂಬುದನ್ನು ಗಮನಿಸಿದರೆ ಮಸೂದೆಯ ಜಾತಕವು ಬಹುಮಟ್ಟಿಗೆ ತಿಳಿಯುತ್ತದೆ.

ಸಮಿತಿಗೆ ಬರೆಯುವುದಕ್ಕೆ ಯಾವ ಪದವಿಯೂ ಬೇಕಾಗಿಲ್ಲ. ಸಲಹೆಗಳನ್ನು ಕೇಳಿ ಪ್ರಕಟಣೆ ಬಂದಾಗ, ಅಥವಾ ಬಾರದಿದ್ದರೂ, ವಿಧಾನಸೌಧದಲ್ಲಿರುವ ವಿಧಾನಸಭೆಯ ಕಾರ್ಯದರ್ಶಿಗಳ ಮೂಲಕ ಸಮಿತಿಯ ಅಧ್ಯಕ್ಷರಿಗೆ ಪತ್ರ ಬರೆಯಬಹುದು. ಮಸೂದೆಯು ಅನ್ಯಾಯವಾದುದೆಂದು ನಾಲ್ಕು ಪುಟ ಬರೆದುದಕ್ಕಿಂತ, ಇಂಥ ಕಲಮಿನ ಇಂಥ ಉಪಖಂಡದಲ್ಲಿ ಇಂಥ ಮಾತಿನ ಬದಲು ಇಂಥ ಮಾತಿರಲಿ ಎಂದು ನಾಲ್ಕು ಸಾಲು ಬರೆದುದು ಹೆಚ್ಚು ದೂರ ಹೋಗುತ್ತದೆ. ಕಾರಣವನ್ನು ಒಂದು ವಾಕ್ಯದಲ್ಲಿ ಸೇರಿಸಿದರೆ ಸಾಕು. ಮಸೂದೆಯ ಅಚ್ಚಾದ ಪ್ರತಿಯನ್ನು ಕೈಯಲ್ಲಿ ಹಿಡಿದು ಬರೆಯತಕ್ಕದ್ದು. ವೃತ್ತಪತ್ರಿಕೆಯ ಸಾರಾಂಶವನ್ನು ನಂಬಿ ಬರೆದರೆ ಕಲಮಿನ ಸಂಖ್ಯೆಯೇ ತಪ್ಪಿ, ಪತ್ರವು ಕಡತದಲ್ಲಿ ಬೇರೆ ಕಡೆ ಸೇರಿಬಿಡುವುದುಂಟು.