ಕಾವಲು ಕ್ಯಾಮೆರಾ: ಕೊಳ್ಳುವ ಮುನ್ನ ತೂಗಿ ನೋಡಬೇಕಾದ ಸಂಗತಿಗಳು

ಮನೆಗಾಗಲಿ ಅಂಗಡಿಗಾಗಲಿ ಸಿಸಿಟಿವಿ ಹಾಕಿಸಲು ಹೊರಟವರು ಮೊದಲು ವಿಚಾರಿಸುವುದು ಸಾಮಾನ್ಯವಾಗಿ ಬೆಲೆಯನ್ನು ಮತ್ತು ಮೆಗಾಪಿಕ್ಸೆಲ್ ಸಂಖ್ಯೆಯನ್ನು. ಆದರೆ ಯಾರ ಗುರುತು, ಎಷ್ಟು ದೂರದಿಂದ ಸಿಗಬೇಕು ಎಂಬುದನ್ನು ನಿಶ್ಚಯಿಸದೆ ಕೊಂಡ ಕ್ಯಾಮೆರಾ, ಕಳವಿನ ಮರುದಿನ ಯಾರೋ ಬಂದುಹೋದರೆಂಬುದನ್ನು ತೋರಿಸೀತೇ ಹೊರತು ಬಂದವರು ಯಾರೆಂಬುದನ್ನು ತೋರಿಸಲಾರದು.

ದೃಶ್ಯವು ಪಿಕ್ಸೆಲ್ ಎಂಬ ಅತಿ ಸಣ್ಣ ಚುಕ್ಕೆಗಳಿಂದ ರಚಿತವಾಗುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಅಡ್ಡಸಾಲಿನಲ್ಲಿ ಇಂತಹ 1920 ಚುಕ್ಕೆಗಳಿರುತ್ತವೆ. ಅಪರಿಚಿತರ ಮುಖವನ್ನು ಖಚಿತವಾಗಿ ಗುರುತಿಸಲು ಪ್ರತಿ ಮೀಟರ್ ಅಗಲಕ್ಕೆ ಸುಮಾರು 250 ಚುಕ್ಕೆಗಳು ಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುವುದರಿಂದ, ಈ ಕ್ಯಾಮೆರಾ ಹೆಚ್ಚೆಂದರೆ 7.7 ಮೀಟರ್ ಅಗಲದ ಜಾಗದಲ್ಲಿ ಆ ಕೆಲಸ ಮಾಡಬಲ್ಲುದು. ಹೆಚ್ಚು ಬಳಕೆಯಲ್ಲಿರುವ 2.8 ಮಿ.ಮೀ. ಲೆನ್ಸ್ ನೂರು ಡಿಗ್ರಿಯಷ್ಟು ಅಗಲಕ್ಕೆ ನೋಡುವ ಕಾರಣ ಸುಮಾರು 3 ಮೀಟರ್ ದೂರದಲ್ಲೇ ಈ ಮಿತಿ ಮುಟ್ಟುತ್ತದೆ; ನೋಟ ಕಿರಿದಾದ 6 ಮಿ.ಮೀ. ಲೆನ್ಸಿನಲ್ಲಿ ಅದೇ ಸ್ಪಷ್ಟತೆ ಸುಮಾರು 7 ಮೀಟರಿನವರೆಗೆ ಉಳಿಯುತ್ತದೆ. ಆದುದರಿಂದ ಒಟ್ಟು ಚಲನವಲನಕ್ಕೆ ಅಗಲ ನೋಟದ ಒಂದು, ಬಾಗಿಲು ದಾಟುವವರ ಮುಖಕ್ಕೆ ಕಿರಿದು ನೋಟದ ಇನ್ನೊಂದು ಎಂದು ಕೆಲಸ ಹಂಚಿಕೊಟ್ಟರೆ ಎರಡು ಸಾಧಾರಣ ಕ್ಯಾಮೆರಾಗಳೇ ಸಾಕಾಗುತ್ತವೆ. ಮುಖ ನೋಡಬೇಕಾದ ಕ್ಯಾಮೆರಾವನ್ನು ತೀರಾ ಎತ್ತರಕ್ಕೇರಿಸಿದರೆ ಕಾಣುವುದು ನೆತ್ತಿ ಮತ್ತು ಟೋಪಿ ಮಾತ್ರ.

ಬೆಳಕಿನ ವಿಚಾರವೂ ಇಷ್ಟೇ ಮುಖ್ಯ. ಹಗಲಿನಲ್ಲಿ ಅಂಗಡಿಯೊಳಗಿನಿಂದ ಬಾಗಿಲ ಕಡೆ ನೋಡುವ ಕ್ಯಾಮೆರಾಕ್ಕೆ ಹೊರಗಿನ ಬಿಸಿಲಿನಿಂದಾಗಿ ಬರುವವರ ಮುಖ ಕಪ್ಪಾಗಿ ಕಾಣುವುದರಿಂದ, ಬೆಳಕು ನೆರಳುಗಳನ್ನು ಸರಿದೂಗಿಸುವ ಡಬ್ಲ್ಯೂಡಿಆರ್ ಸೌಲಭ್ಯ ಅಲ್ಲಿ ಅಗತ್ಯ. ಕತ್ತಲಲ್ಲಿ ಕ್ಯಾಮೆರಾಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರಿ ನೋಡುತ್ತವೆಯಾದರೂ, ಮುಂದೆ ಕಟ್ಟಿದ ಜೇಡರಬಲೆ ಆ ಬೆಳಕನ್ನು ಹಿಂದಕ್ಕೆ ಚೆಲ್ಲಿ ಇಡೀ ದೃಶ್ಯವನ್ನೇ ಮಂಕಾಗಿಸಬಹುದು. ಮಲೆನಾಡು, ಕರಾವಳಿಗಳ ಮಳೆಗೆ ಒಡ್ಡುವಂಥವು ಧೂಳು, ನೀರುಗಳನ್ನು ತಡೆಯುವ ಐಪಿ 66 ಅಥವಾ ಅದಕ್ಕೂ ಮೇಲಿನ ದರ್ಜೆಯವಾಗಿರಬೇಕು.

ದೃಶ್ಯಗಳ ಸಂಗ್ರಹಕ್ಕೆ ಕೋಆಕ್ಸಿಯಲ್ ಕೇಬಲ್‌ನ ಕ್ಯಾಮೆರಾಗಳಿಗಾದರೆ ಡಿವಿಆರ್, ನೆಟ್‌ವರ್ಕ್ ಮೂಲಕ ದೃಶ್ಯ ಕಳಿಸುವ ಐಪಿ ಕ್ಯಾಮೆರಾಗಳಿಗಾದರೆ ಎನ್‌ವಿಆರ್ ಎಂಬ ಪೆಟ್ಟಿಗೆ ಬೇಕು. ಎಚ್.265 ಎಂಬ ಸಂಕುಚನ ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ತುಂಬುತ್ತದೆ. ಇಂತಹ ನಾಲ್ಕಿದ್ದರೆ 1 ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದು ದಿನಗಳಲ್ಲಿ ತುಂಬಿ ಹಳೆಯ ದೃಶ್ಯಗಳು ಅಳಿಯತೊಡಗುತ್ತವೆ. ಹೆಚ್ಚು ಜನ ಸೇರುವ ಸಂಸ್ಥೆಗಳು 30 ದಿನಗಳ ದೃಶ್ಯಗಳನ್ನು ಉಳಿಸಿಕೊಳ್ಳಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ವಿಧಿಸುತ್ತದೆಯಾದುದರಿಂದ, ಅಂಥವರಿಗೆ ಈ ಲೆಕ್ಕದಲ್ಲಿ 3 ಟಿಬಿಯಾದರೂ ಬೇಕಾಗುತ್ತದೆ. ಕರೆಂಟು ಹೋದಾಗ ಕಾವಲು ನಿಲ್ಲದಂತೆ ಯುಪಿಎಸ್ ಇರಿಸುವುದೂ, ಕಳ್ಳರು ಹೊತ್ತೊಯ್ಯದಂತೆ ಪೆಟ್ಟಿಗೆಯನ್ನು ಬೀಗದೊಳಗಿಡುವುದೂ ಇದರೊಂದಿಗೇ ಆಗಬೇಕು.

ಅಂತರ್ಜಾಲಕ್ಕೆ ಸೇರಿಸಿದ ಕ್ಯಾಮೆರಾ ಅನ್ಯರಿಗೂ ಬಾಗಿಲಾಗಬಹುದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ತಯಾರಕರು ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಅಪಾರ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತ್ತು. ಭಾರತದಲ್ಲಿ ಈಗ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಗಿದೆ; ಆದ್ದರಿಂದ ಹೊಸದನ್ನು ಕೊಳ್ಳುವವರು ಪ್ರಮಾಣೀಕೃತ ಮಾದರಿಯನ್ನೇ ಕೇಳಿ ಪಡೆದು, ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ಕ್ಯಾಮೆರಾದ ನೋಟ ನೆರೆಮನೆಯ ಕಿಟಕಿಯನ್ನಾಗಲಿ, ಅಂಗಡಿಗಳಲ್ಲಿ ಬಟ್ಟೆ ಬದಲಿಸುವ ಕೋಣೆಯನ್ನಾಗಲಿ ತಲುಪಕೂಡದು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಇನ್ನು ನ್ಯಾಯಾಲಯದಲ್ಲಿ ದೃಶ್ಯದ ಪ್ರತಿ ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ದಾಖಲೆಯ ದಿನಾಂಕ, ಗಂಟೆಗಳು ತಪ್ಪಾಗಿದ್ದರೆ ಅದರ ಬಲ ಕುಂದುತ್ತದೆ. ಕ್ಯಾಮೆರಾ ಇದ್ದವರೆಲ್ಲರೂ ತಿಂಗಳಿಗೊಮ್ಮೆ ಗಡಿಯಾರ ಸರಿಯಿದೆಯೇ ಎಂದು ನೋಡಿ, ಹಳೆಯದೊಂದು ದಿನದ ದೃಶ್ಯವನ್ನು ತೆರೆದು, ಅದರಲ್ಲಿ ಮುಖ ಗುರುತು ಸಿಗುತ್ತದೆಯೇ ಎಂದು ತಪ್ಪದೆ ಪರೀಕ್ಷಿಸಿಕೊಳ್ಳಬೇಕು.