ಮೊದಲು ರಟ್ಟು, ಆಮೇಲೆ ರೋಬೊ

ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ನಾವು ಆರಿಸಿಕೊಂಡದ್ದು ಮನೆಯಲ್ಲಿ ಒಂಟಿಯಾಗಿರುವ ಹಿರಿಯರ ಜೊತೆ ಮಾತನಾಡುವ ರೋಬೊ. ಬೆಂಗಳೂರಿನಲ್ಲೇ ತಯಾರಾದ ‘ಮಿತ್ರ’ ರೋಬೊ 2017ರಲ್ಲಿ ಹೈದರಾಬಾದ್‌ನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯಲ್ಲಿ ಪ್ರಧಾನಿಯನ್ನು ಸ್ವಾಗತಿಸಿದ್ದೇ ನಮಗೆ ಸ್ಫೂರ್ತಿ. ಆದರೆ 3ಡಿ ಪ್ರಿಂಟಿಂಗ್‌ನ ಖರ್ಚು ಕೇಳಿ ಸುಮ್ಮನಾದೆವು.

ಜಯನಗರ 4ನೇ ಬ್ಲಾಕ್‌ನ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದೆ. ಮುಖಕ್ಕೆ ಹಳೆಯ ಲಗ್ನಪತ್ರಿಕೆ, ಅಂಟಿಸಲು ಫೆವಿಕಾಲ್. ರಟ್ಟಿನೊಳಗಿನ ಅಲೆಗಳು ತೋಳಿನ ಉದ್ದಕ್ಕೇ ಇರಬೇಕು. ಅಡ್ಡಲಾಗಿದ್ದರೆ ತೋಳು ಮಡಚಿಕೊಳ್ಳುತ್ತದೆ. ಎಸ್‌.ಪಿ. ರಸ್ತೆಯಲ್ಲಿ ಸಿಗುವ 9 ಗ್ರಾಂ ತೂಕದ ಪುಟ್ಟ ಸರ್ವೊ ಮೋಟಾರ್‌ಗೆ ಪ್ಲೈವುಡ್ ತೋಳು ಭಾರ. ರಟ್ಟಿನದನ್ನು ಸಲೀಸಾಗಿ ಎತ್ತಿತು.

ಐದು ಅಡಿಯ ಗೊಂಬೆಯನ್ನು ಮಂಚದ ಮೇಲೆ ಕೂತಿದ್ದ ಅಜ್ಜಿಯ ಮುಂದೆ ನಿಲ್ಲಿಸಿದೆ. ‘ಪೊಲೀಸಿನವನ ಹಾಗೆ ಮೇಲಿಂದ ನೋಡ್ತಾನಲ್ಲೋ!’ ಎಂದರು. ಕಾಲು ಕತ್ತರಿಸಿ ಅವರ ಕಣ್ಣಿನ ಮಟ್ಟಕ್ಕೆ ಇಳಿಸಲು ಬೇಕಾದದ್ದು ಹತ್ತೇ ನಿಮಿಷ. ಮರುದಿನ ಅಜ್ಜಿಯೇ ಅದನ್ನು ‘ಕಾಫಿ ಆಯ್ತೇನೋ?’ ಎಂದು ಕೇಳುತ್ತಿದ್ದರು. ಅದಕ್ಕಿನ್ನೂ ದನಿಯನ್ನೇ ಕೊಟ್ಟಿರಲಿಲ್ಲ!

ಇದೇ ಎತ್ತರ ಪ್ಲಾಸ್ಟಿಕ್‌ನಲ್ಲಿ ತಪ್ಪಿದ್ದರೆ ಹಣವೆಲ್ಲ ನೀರುಪಾಲಾಗುತ್ತಿತ್ತು. ಗೆಳೆಯರೇ, ಐಡಿಯಾ ಇದ್ದರೆ ದುಡ್ಡಿಗಾಗಿ ಕಾಯಬೇಡಿ. ಮೊದಲು ರಟ್ಟಿನಲ್ಲಿ ಮಾಡಿ, ಬಳಸುವವರ ಮುಂದೆ ಇಡಿ. ತಪ್ಪು ಅಲ್ಲೇ ಗೊತ್ತಾಗಲಿ.