ನೀರು ಹೋದ ದಾರಿಯಲ್ಲಿ

ಮಂಡಿನೋವಿನವರಿಗೆ ನಾಲೆ ಏರಿಗಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ ಎಂಬುದು ಅಮ್ಮನ ಮಾತು. ಅವಳು ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಮಗ್ಗುಲಲ್ಲಿ. "ನೀರು ಏರು ಹತ್ತಲ್ಲ ಕಣೋ. ನೀರಿನ ಜೊತೆ ನಡೆದ್ರೆ ಕಾಲಿಗೂ ಏರು ಸಿಗಲ್ಲ" ಎನ್ನುತ್ತಾಳೆ. ದಿನಕ್ಕೆ ಮುಕ್ಕಾಲು ಗಂಟೆ ನಡೆಯಲೇಬೇಕೆಂದು ಡಾಕ್ಟರು ಹೇಳಿದ ಮೇಲೆ ಬಡಾವಣೆಯ ಪಾರ್ಕಿನಲ್ಲಿ ಸುತ್ತು ಹಾಕಿ ಹಾಕಿ ಅವಳಿಗೆ ಸಾಕಾಗಿತ್ತು. ಈ ಸಂಕ್ರಾಂತಿಯ ವಾರ ಅವಳನ್ನು ತಮಿಳುನಾಡಿನ ಕಂಬಂ ಕಣಿವೆಗೆ ಕರೆದುಕೊಂಡು ಹೋದೆ.

ಹೋಗುವುದು ಕಷ್ಟವಲ್ಲ. ಮೈಸೂರು–ತೂತ್ತುಕುಡಿ ರೈಲು ಮಂಡ್ಯದ ಮೇಲೆಯೇ ಹಾದು ಹೋಗುತ್ತದೆ. ಸಂಜೆ ಹತ್ತಿದರೆ ಬೆಳಗ್ಗೆ ದಿಂಡಿಗಲ್. ಅಲ್ಲಿಂದ ಬಸ್ಸಿನಲ್ಲಿ ತೇನಿ, ತೇನಿಯಿಂದ ಇನ್ನೊಂದು ನಲವತ್ತು ಕಿಲೋಮೀಟರ್ ತೆಂಕಣಕ್ಕೆ ಕಂಬಂ. ತೇನಿಯ ಬಸ್ ನಿಲ್ದಾಣದ ಮೇಲಿನ ಹೆಸರನ್ನು ಅಮ್ಮನಿಗೆ ಓದಿ ಹೇಳಿದೆ: ಕರ್ನಲ್ ಜಾನ್ ಪೆನ್ನಿಕ್ವಿಕ್. "ಅದ್ಯಾರು ಇಂಗ್ಲಿಷಿನವ್ನು?" ಎಂದಳು. ಮರುದಿನ ತೋರಿಸುತ್ತೇನೆ ಎಂದೆ.

ಮರುದಿನ ಬೆಳಗ್ಗೆ ಲೋವರ್ ಕ್ಯಾಂಪಿನಲ್ಲಿ ಇಳಿದೆವು. ಕಣಿವೆ ಮುಗಿಯುವುದೇ ಇಲ್ಲಿ. ಇದರಾಚೆ ರಸ್ತೆ ತಿರುವು ತಿರುವಾಗಿ ಬೆಟ್ಟ ಹತ್ತಿ ಕುಮಳಿಗೆ, ಕೇರಳಕ್ಕೆ ಸೇರಿಕೊಳ್ಳುತ್ತದೆ. ಬೆಟ್ಟದ ಮೈಮೇಲೆ ನಾಲ್ಕು ದಪ್ಪ ಕೊಳವೆಗಳು ನೆಟ್ಟಗೆ ಕೆಳಗಿಳಿದಿವೆ. ಅವುಗಳಲ್ಲಿ ಬರುವುದು ಮುಲ್ಲಪೆರಿಯಾರಿನ ನೀರು. ತನ್ನಷ್ಟಕ್ಕೆ ಬಿಟ್ಟಿದ್ದರೆ ಅದು ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರಬೇಕಿತ್ತು. 1886ರಲ್ಲಿ ತಿರುವಾಂಕೂರು ಸಂಸ್ಥಾನ ಮದ್ರಾಸ್ ಸರ್ಕಾರಕ್ಕೆ 999 ವರ್ಷದ ಗುತ್ತಿಗೆ ಬರೆದುಕೊಟ್ಟಿತು. ಪೆನ್ನಿಕ್ವಿಕ್ 1887ರಲ್ಲಿ ಕಟ್ಟಲು ಹಿಡಿದ ಅಣೆಕಟ್ಟು 1895ರಲ್ಲಿ ಮುಗಿಯಿತು. ಬೆಟ್ಟದ ಬೆನ್ನಿಗೆ ಸುರಂಗ ಕೊರೆದು ನೀರನ್ನು ಮೂಡಣಕ್ಕೆ ತಿರುಗಿಸಿದರು. ಘಟ್ಟದ ಮಳೆನೆರಳಿನಲ್ಲಿ ಒಣಗಿ ಕೂತಿದ್ದ ಸೀಮೆ ಹಾಗೆ ಹಸಿರಾಯಿತು. ನೀರು ಬೀಳುವ ರಭಸದಿಂದ ಕರೆಂಟು ತೆಗೆಯುವ ಕೆಲಸ ಶುರುವಾದದ್ದು ಬಹಳ ತಡವಾಗಿ, 1958ರಲ್ಲಿ.

ಪೆನ್ನಿಕ್ವಿಕ್ ಸ್ಮಾರಕ ಮಂಟಪ ಇರುವುದೂ ಇಲ್ಲೇ. 2013ರಲ್ಲಿ ತಮಿಳುನಾಡು ಸರ್ಕಾರ ಕಟ್ಟಿಸಿದ್ದು. ಅವನು ಹುಟ್ಟಿದ್ದು 1841ರ ಜನವರಿ 15ರಂದು. ಪೊಂಗಲ್ ಬರುವುದೂ ಅದೇ ಹೊತ್ತಿಗೆ. ಹಾಗಾಗಿ ಕಣಿವೆಯ ರೈತರು ಅವನ ಹೆಸರಿನಲ್ಲಿ ಪೊಂಗಲ್ ಉಕ್ಕಿಸುತ್ತಾರೆ. ಕಟ್ಟುತ್ತಿದ್ದ ಅಣೆ ಪ್ರವಾಹಕ್ಕೆ ಕೊಚ್ಚಿಹೋದಾಗ, ಸರ್ಕಾರ ದುಡ್ಡಿಗೆ ಕೈಯೆತ್ತಿದಾಗ, ಆತ ಊರಿಗೆ ಹೋಗಿ ಮನೆಮಠ ಮಾರಿ ಹಣ ತಂದ ಎಂದು ಇಲ್ಲಿನ ಜನ ಹೇಳುತ್ತಾರೆ. ಚಹಾದಂಗಡಿಯಲ್ಲಿ ಮುರುಗನ ಪಟದ ಪಕ್ಕದಲ್ಲಿ ಅವನ ಪಟ. ಅಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವಳ ತವರಿನ ಹೋಟೆಲುಗಳಲ್ಲಿ ವಿಶ್ವೇಶ್ವರಯ್ಯನವರೂ ನಾಲ್ವಡಿಯವರೂ ಹಾಗೆಯೇ ದೇವರ ಸಾಲಿನಲ್ಲಿ ಕೂತಿದ್ದಾರೆ. ಚಪ್ಪಲಿ ಬಿಟ್ಟು ಪ್ರತಿಮೆಗೆ ಕೈ ಮುಗಿದು ಬಂದಳು.

ನಾವು ನಿಜವಾಗಿ ನಡೆದದ್ದು ಕಂಬಂ ಊರಿನ ಹೊರಗೆ, ಕಾಲುವೆ ಏರಿಯ ಮೇಲೆ. ಟಿಕೆಟ್ಟಿಲ್ಲ, ಗೇಟಿಲ್ಲ, ಇಲ್ಲಿಂದ ಶುರು ಎಂಬ ಬೋರ್ಡೂ ಇಲ್ಲ. ಬಲಕ್ಕೆ ನೀರು, ಎಡಕ್ಕೆ ಬತ್ತದ ಗದ್ದೆ, ಗದ್ದೆ ಮುಗಿದಲ್ಲಿ ತೆಂಗು, ತೆಂಗಿನ ಹಿಂದೆ ಬೆಟ್ಟ. ಯಾವ ಕಡೆ ಕತ್ತೆತ್ತಿದರೂ ಬೆಟ್ಟ. ಜೂನ್ ಮೊದಲ ವಾರ ನೀರು ಬಿಟ್ಟರೆ ಕಣಿವೆಯಲ್ಲಿ 14,707 ಎಕರೆಗೆ ಮೊದಲ ಬೆಳೆ, ನೀರು ಕೈಹಿಡಿದರೆ ಎರಡನೆಯದೂ. ಜನವರಿಯಲ್ಲಿ ನಿಂತಿದ್ದ ಎರಡನೇ ಬೆಳೆ ಮೊಣಕಾಲಿಗೆ ಬಂದಿತ್ತು. ಅಮ್ಮ ಅಲ್ಲಲ್ಲಿ ನಿಂತು ತೂಬು ನೋಡುವಳು, ಯಾವ ಮಡೆ ಕಿತ್ತಿದ್ದಾರೆ, ಯಾವುದನ್ನು ಹುಲ್ಲು ಮಣ್ಣು ಒತ್ತಿ ಕಟ್ಟಿದ್ದಾರೆ ಎಂದು ಬಗ್ಗಿ ನೋಡುವಳು. ಬದುವಿನ ಮೇಲೆ ಕೊಕ್ಕರೆಗಳು ಅವಳಿಗಿಂತ ನಿಧಾನವಾಗಿ ನಡೆಯುತ್ತಿದ್ದವು. ಮುಕ್ಕಾಲು ಗಂಟೆ ದಾಟಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಸೋಪಾನಕಟ್ಟೆಯೊಂದರಲ್ಲಿ ವಯಸ್ಸಾದ ಹೆಂಗಸೊಬ್ಬರು ಬಟ್ಟೆ ಒಗೆಯುತ್ತಿದ್ದರು. ಅಮ್ಮ ನನಗೆ "ನೀರು ಎಷ್ಟು ತಣ್ಣಗೈತೆ ನೋಡು" ಎಂದದ್ದು ಅವರ ಕಿವಿಗೆ ಬಿತ್ತು. ಒಗೆಯುವ ಕೈ ನಿಂತಿತು. "ಯಾವೂರು?" ಎಂದರು. ತಮಿಳಿನಲ್ಲಲ್ಲ, ಕನ್ನಡದಲ್ಲಿ. ರಾಗ ಪೂರ್ತಿ ತಮಿಳಿನದು, ಮಾತು ನಮ್ಮದು. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಕಂಬಂ, ಬೋಡಿ ಸುತ್ತಿನ ಈ ಬೇಸಾಯಗಾರರನ್ನು ತಮಿಳರು ಕಾಪ್ಪಿಲಿಯರ್ ಎನ್ನುತ್ತಾರೆ. ಅವರು ತಮ್ಮನ್ನು ಒಕ್ಕಲಿಗರು ಎಂದೇ ಕರೆದುಕೊಳ್ಳುತ್ತಾರೆ. ಕನ್ನಡ ಸೀಮೆಯಿಂದ ಶತಮಾನಗಳ ಹಿಂದೆ ದನಕರು ಹೊಡೆದುಕೊಂಡು ಬಂದವರ ವಂಶ. ಶಾಲೆ, ಪೇಟೆ, ಕಚೇರಿ ಎಲ್ಲ ತಮಿಳು, ಓದು ಬರಹ ತಮಿಳು. ಮನೆಯೊಳಗೆ ಮಾತ್ರ ಕನ್ನಡ, ಅದೂ ಲಿಪಿಯಿಲ್ಲದೆ, ಬಾಯಿಂದ ಬಾಯಿಗೆ. ಅಮ್ಮನೂ ಆ ಅಜ್ಜಿಯೂ ಮನೆ, ಹಾಲು, ನೀರು, ಮಕ್ಕಳು, ಮಂಡಿನೋವು ಇಷ್ಟರಲ್ಲೇ ಅರ್ಧ ಗಂಟೆ ಮಾತಾಡಿದರು. ನಡುವೆ ಒಂದೊಂದು ಮಾತು ತಮಿಳಿಗೆ ಜಾರಿದಾಗ ಅಮ್ಮ ನನ್ನ ಮುಖ ನೋಡುವಳು. ಅಷ್ಟರಲ್ಲಿ ಅವರೇ ಕೈಸನ್ನೆಯಲ್ಲಿ ತಿಳಿಸಿಬಿಡುವರು. ಹೊರಡುವಾಗ ಅಜ್ಜಿ, ತೊಳುವಿಗೆ ಹೋಗದೆ ಊರು ಬಿಡಬೇಡಿ ಎಂದರು.

ತೊಳು ಎಂದರೆ ದನದ ದೊಡ್ಡಿ. ಕಂಬದಲ್ಲಿ ನಂದಗೋಪಾಲನ ಗುಡಿ ಇರುವುದು ಈ ಸಮುದಾಯದವರ ತಂಬಿರಾನ್ ಮಾಟ್ಟುತ್ತೊಳುವಿನಲ್ಲಿ. ದೇವರಿಗೆ ಬಿಟ್ಟ ಮಂದೆಯ ಮನೆ ಅದು. ಮಾಟ್ಟುಪ್ಪೊಂಗಲ್ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಈ ಮಂದೆಯ ವಿಚಾರ ಇದೆ. ಅದನ್ನು ಇವರು 'ದೇವರು ಆವು' ಎನ್ನುತ್ತಿದ್ದರಂತೆ. ಮಂದೆಯ ಮುಂದಾಳು 'ಪಟ್ಟದ ಆವು'. ಅದು ಸತ್ತರೆ ಜನ ಸೇರಿ, ಕರ್ಪೂರ ಹಚ್ಚಿ, ಮಂದೆಯ ಮುಂದೆ ಕಬ್ಬು ಇಡುವುದು. ಯಾವ ಕರು ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಆವು ಎಂಬ ಮಾತು ನಮ್ಮಲ್ಲಿ ಹಳೆಗನ್ನಡದ ಪಾಠದಲ್ಲಷ್ಟೇ ಉಳಿದಿದೆ. ಪರೀಕ್ಷೆಗೆ ಅರ್ಥ ಬರೆದು ಮರೆತ ಪದ ಇಲ್ಲಿ ದೊಡ್ಡಿಯಲ್ಲಿ ಬದುಕಿತ್ತು ಎಂದು ಓದಿದಾಗಲೇ ನನಗೆ ಮೈ ಜುಮ್ಮೆಂದಿತ್ತು. ಈಗ ಅದೇ ದೊಡ್ಡಿಯ ಮಣ್ಣು ನನ್ನ ಕಾಲಿಗೆ ಹತ್ತಿತ್ತು.

ಇಲ್ಲಿನ ದನಗಳಿಗೆ ತಮಿಳಿನಲ್ಲಿ ಮಲೈ ಮಾಡು, ಬೆಟ್ಟದ ದನ, ಎಂದು ಹೆಸರು. ಚಿಕ್ಕ ಮೈ, ಗಟ್ಟಿ ಗೊರಸು. ತಲೆತಲಾಂತರದಿಂದ ಇವು ಮೇದದ್ದು ಮೇಘಮಲೆಯ ತಪ್ಪಲಿನ ಕಾಡಿನಲ್ಲಿ. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟು ಕಾಡಿನೊಳಗೆ ದನ ಮೇಯಿಸುವುದನ್ನು ಮೊದಲು ರಾಜ್ಯಕ್ಕೆಲ್ಲ ತಡೆದು, ಆಮೇಲೆ ಹುಲಿ ಪ್ರದೇಶ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಸೀಮಿತಗೊಳಿಸಿತು. ಹುಲಿಗೆ ಕಾಡು ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಣಿವೆಯಲ್ಲಿ ಬೀಳುಬಿದ್ದ ಗೋಮಾಳವೇ ಇಲ್ಲ, ನೀರು ಮುಟ್ಟಿದ ಕಡೆಯೆಲ್ಲ ಗದ್ದೆ, ತೋಟ. ಇಂಥಲ್ಲಿ ಬೆಟ್ಟದ ದನ ಎಲ್ಲಿಗೆ ಹೋಗಬೇಕು? ನಾವು ಸಲೀಸಾಗಿ ಹಸಿರಿನಲ್ಲಿ ನಡೆದು ಬಂದ ಊರಿನಲ್ಲಿ ಅವುಗಳ ನಡಿಗೆ ಕಷ್ಟವಾಗಿದೆ ಎಂಬುದು ಮನಸ್ಸಿನಿಂದ ಹೋಗಲಿಲ್ಲ.

ಸುರುಳಿ ಜಲಪಾತದ ದಾರಿಯಲ್ಲಿ ದ್ರಾಕ್ಷಿಯ ಚಪ್ಪರಗಳು ಶುರುವಾಗುತ್ತವೆ. ಪನ್ನೀರು ದ್ರಾಕ್ಷಿ ಎನ್ನುತ್ತಾರೆ. ತಳಿ ಮಸ್ಕಟ್ ಹ್ಯಾಂಬರ್ಗ್. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಕಡೆ ದ್ರಾಕ್ಷಿಗೆ ಕಾಲ ಉಂಟು. ಇಲ್ಲಿ ತೋಟ ತೋಟಕ್ಕೆ ಬೇರೆ ಬೇರೆ ತಿಂಗಳಲ್ಲಿ ಚಾಟನಿ ಮಾಡುವುದರಿಂದ ವರ್ಷವಿಡೀ ಎಲ್ಲಾದರೊಂದು ಕಡೆ ಕೊಯ್ಲು ಇದ್ದೇ ಇರುತ್ತದೆ. ಒಂದು ತೋಟದವರು ಕರೆದು ಚಪ್ಪರದ ಕೆಳಗೆ ನಡೆಯಲು ಬಿಟ್ಟರು. ನಾನು ತಲೆ ಬಗ್ಗಿಸಬೇಕಾಯಿತು, ಗಿಡ್ಡಗಿರುವ ಅಮ್ಮ ನೆಟ್ಟಗೆ ನಡೆದಳು. ಎಲೆಯ ಸಂದಿನಿಂದ ಬಿಸಿಲು ಕಾಸಿನಷ್ಟಗಲಕ್ಕೆ ನೆಲದ ಮೇಲೆ ಉದುರಿತ್ತು. ಕಪ್ಪು ಗೊಂಚಲುಗಳ ಮೇಲೆ ಬೂದಿಯಂಥ ತೆಳುಪರೆ, ಬೆರಳು ಸೋಕಿದಲ್ಲಿ ಗೆರೆ ಮೂಡುತ್ತಿತ್ತು. ಬೆಂಗಳೂರು ಬ್ಲೂ ತಿಂದು ಬೆಳೆದ ನಾಲಗೆಗೆ ಇದು ಹುಳಿ ಕಡಿಮೆ, ಪರಿಮಳ ಜಾಸ್ತಿ. ಔಷಧಿ ಹೊಡೆದಿರುತ್ತಾರೆ, ತೊಳೆದೇ ತಿನ್ನಿ ಎಂದು ತೋಟದವರೇ ಎಚ್ಚರ ಹೇಳಿದರು.

ಜಲಪಾತದ ಬಗ್ಗೆ ಹೆಚ್ಚು ಹೇಳಲಾರೆ. ರಜೆಯ ನೂಕುನುಗ್ಗಲಿತ್ತು, ಅಮ್ಮನನ್ನು ಒದ್ದೆ ಕಲ್ಲಿನ ಮೇಲೆ ನಡೆಸುವ ಧೈರ್ಯ ನನಗಿರಲಿಲ್ಲ. ವಯಸ್ಸಾದವರನ್ನು ಕರೆತರುವವರು ಅದರ ಬದಲು ವೀರಪಾಂಡಿಗೆ ಹೋಗಲಿ. ತೇನಿಗೆ ಹತ್ತಿರ, ಗೌಮಾರಿಯಮ್ಮನ ಗುಡಿಯ ಮುಂದೆಯೇ ಮುಲ್ಲೈ ಹೊಳೆ. ಚಿತ್ತಿರೈ ಜಾತ್ರೆಯ ದಿನಗಳನ್ನು ಬಿಟ್ಟರೆ ದಡದಲ್ಲಿ ಕಾಲು ನೀರಿಗೆ ಬಿಟ್ಟು ಕೂರಬಹುದು.

ಕಣಿವೆಯ ನೀರೆಲ್ಲ ಕೊನೆಗೆ ಬಂದು ನಿಲ್ಲುವುದು ವೈಗೈ ಅಣೆಕಟ್ಟಿನಲ್ಲಿ. ಆಂಡಿಪಟ್ಟಿಯ ಬಳಿ, 1959ರ ಜನವರಿಯಲ್ಲಿ ಕಾಮರಾಜರು ತೆರೆದದ್ದು. ಎತ್ತರ 111 ಅಡಿ, ನೀರು ನಿಲ್ಲುವ ಮಟ್ಟ 71 ಅಡಿ. ಅಣೆಯ ಬುಡದಲ್ಲಿ ಹೊಳೆಯ ಎರಡು ದಡಕ್ಕೂ ಉದ್ಯಾನ. ಇಲ್ಲಿಯವರು ಅದನ್ನು ಪುಟ್ಟ ಬೃಂದಾವನ ಎನ್ನುತ್ತಾರೆ ಎಂದದ್ದೇ ಅಮ್ಮ ಹುರುಪಾದಳು. ಕನ್ನಂಬಾಡಿ ಕಂಡವರಿಗೆ ಇದರ ಅಳತೆ ಚಿಕ್ಕದೇ. ಆದರೆ ಬೃಂದಾವನದಲ್ಲಿ ನೋಡಲೆಂದು ನಡೆಯುತ್ತೇವೆ, ಒಂದು ಕಾರಂಜಿಯಿಂದ ಇನ್ನೊಂದಕ್ಕೆ. ಇಲ್ಲಿ ಸಂಸಾರಗಳು ಬುತ್ತಿ ಕಟ್ಟಿಕೊಂಡು ಬಂದು ಮರದಡಿ ಚಾಪೆ ಹಾಸಿರುತ್ತವೆ. ಎರಡು ದಡವನ್ನು ಜೋಡಿಸುವುದು ತಗ್ಗಿನ ಒಂದು ಚಿಕ್ಕ ಸೇತುವೆ. ಹೊಳೆಗೆ ಹೆಚ್ಚು ನೀರು ಬಿಟ್ಟ ದಿನ ಅದು ಮುಳುಗುತ್ತದೆ, ಆಗ ಆಚೆ ದಡ ಆಚೆಗೇ. ನಾವು ಹೋದ ದಿನ ನೀರು ಸೇತುವೆಯ ಕೆಳಗೆ ಸದ್ದಿಲ್ಲದೆ ಹೋಗುತ್ತಿತ್ತು. ಅಮ್ಮ ನಡುಮಧ್ಯದಲ್ಲಿ ನಿಂತು ಅಣೆಯ ಕಡೆ ತಿರುಗಿದಳು. "ಆ ಅಜ್ಜಿ ಬಟ್ಟೆ ಒಗೆದ ನೀರೇ ಅಲ್ವೇನೋ ಇದು" ಎಂದಳು. ಹೌದು ಎಂದೆ.

ಅಲ್ಲಿಂದ ದಿಂಡಿಗಲ್ಲಿಗೆ ಬಂದೆವು. ತಮಿಳಿನಲ್ಲಿ ತಿಂಡು ಎಂದರೆ ಒರಗುದಿಂಬು. ಊರಿನ ನಡುವೆ ದಿಂಬಿನಂತೆ ಬಿದ್ದಿರುವ ಬೋಳುಬಂಡೆಯಿಂದಲೇ ಹೆಸರು. ಮೇಲಿನ ಕೋಟೆ 1605ರಲ್ಲಿ ಮಧುರೆಯ ನಾಯಕರು ಶುರು ಮಾಡಿದ್ದು. ಇಲ್ಲಿ ನಾಲೆಯಿಲ್ಲ, ಗದ್ದೆಯಿಲ್ಲ, ಬಂಡೆಯ ಸುತ್ತ ಹುಲ್ಲು, ಬೇವು. ಪುರಾತತ್ವ ಇಲಾಖೆಯ ಟಿಕೆಟ್ ಕೊಂಡು ಬಂಡೆಯಲ್ಲೇ ಕಡಿದ ಮೆಟ್ಟಿಲು ಹತ್ತಬೇಕು. ಮೆಟ್ಟಿಲು ಅಗಲ, ಎತ್ತರ ಕಡಿಮೆ. ಆದರೂ ಅಮ್ಮ ಅರ್ಧಕ್ಕೆ ಒಂದು ನೆರಳು ಹಿಡಿದು ಕೂತಳು.

ಮೈಸೂರಿನ ಕಥೆಗೆ ಈ ಬಂಡೆ ಮುಖ್ಯ. 1755ರಲ್ಲಿ ಹೈದರಾಲಿ ಇಲ್ಲಿಗೆ ಫೌಜುದಾರನಾಗಿ ಬಂದ. ಪಾಳೆಯಗಾರರನ್ನು ಬಗ್ಗಿಸಿ ಸೈನ್ಯ ಬೆಳೆಸಿದ, ಫ್ರೆಂಚರನ್ನು ಇಟ್ಟುಕೊಂಡು ಮದ್ದುಗುಂಡಿನ ಕಾರ್ಖಾನೆ ಮಾಡಿದ. ಶ್ರೀರಂಗಪಟ್ಟಣದ ಗದ್ದುಗೆಗೆ ಅವನು ಹತ್ತಿದ ಮೊದಲ ಮೆಟ್ಟಿಲು ಇದೇ ಎನ್ನಬಹುದು. ಗಂಡನನ್ನು ಕಳೆದುಕೊಂಡ ಶಿವಗಂಗೆಯ ರಾಣಿ ವೇಲು ನಾಚಿಯಾರ್ ಹೈದರನ ಆಶ್ರಯ ಪಡೆದದ್ದು ಈ ಸೀಮೆಯಲ್ಲೇ. 1790ರಲ್ಲಿ ಇಂಗ್ಲಿಷರು ಕೋಟೆ ಹಿಡಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಕಾಯಮ್ಮಾಗಿ ಮೈಸೂರಿನ ಕೈಬಿಟ್ಟಿತು. ಕೆಳಗೆ ಊರಿನಲ್ಲಿ ಬೇಗಂಪುರ ಎಂಬ ಬಡಾವಣೆ ಇದೆ. ಅಲ್ಲಿನ ಮಸೀದಿಯ ಬಳಿ ಹೈದರಾಲಿಯ ತಂಗಿ ಅಮೀರುನ್ನಿಸಾ ಬೇಗಮರ ಸಮಾಧಿ.

ಮೇಲೆ ಗಾಳಿ ಜೋರು. ವಿಗ್ರಹವಿಲ್ಲದ ಗುಡಿ, ಇಟ್ಟಿಗೆಯ ಉಗ್ರಾಣಗಳು, ಫಿರಂಗಿಗೆಂದು ಬಿಟ್ಟ ಕಂಡಿಗಳು. ಒಂದು ಕಂಡಿಯಲ್ಲಿ ಶಾಲೆಯ ಹುಡುಗರಿಬ್ಬರು ಕೂತು ಪುಸ್ತಕ ಬಿಚ್ಚಿಕೊಂಡಿದ್ದರು. ಒಂದು ಕಡೆ ಸಿರುಮಲೆ, ಪಶ್ಚಿಮಕ್ಕೆ ನೀಲಿಯಾಗಿ ಕೊಡೈಕೆನಾಲಿನ ಬೆಟ್ಟಸಾಲು. ಉಳಿದ ಒಂದು ದಿನಕ್ಕೆ ಕೊಡೈ ಎಂದು ಲೆಕ್ಕ ಹಾಕಿದ್ದೆ. 1863ರಲ್ಲಿ ಕಟ್ಟಿದ ಕೆರೆಯ ಸುತ್ತ ಐದು ಕಿಲೋಮೀಟರ್ ಮಟ್ಟಸ ದಾರಿ, ಪಕ್ಕದಲ್ಲೇ ಬ್ರಯಾಂಟ್ ಪಾರ್ಕಿನ ಹೂವಿನ ಮಡಿಗಳು, ಕಣಿವೆಯ ಅಂಚಿನಲ್ಲಿ ಕೋಕರ್ಸ್ ವಾಕ್. ನಡೆಯುವವರಿಗೆ ಈ ಜಿಲ್ಲೆಯಲ್ಲಿ ಅದಕ್ಕಿಂತ ಅಚ್ಚುಕಟ್ಟಾದ ಜಾಗವಿಲ್ಲ. ರೂಮೂ ನೋಡಿಟ್ಟಿದ್ದೆ.

ಕಾವಲುಗಾರ ಸೀಟಿ ಊದಿದ. ಇಳಿದು ಬಂದು ಅಮ್ಮನಿಗೆ ಕೊಡೈ ವಿಚಾರ ಹೇಳಿದೆ. ಕೆರೆ, ಹೂವು, ದೋಣಿ ಎಲ್ಲ ಕೇಳಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಕೈ ನನ್ನ ಹೆಗಲ ಮೇಲಿಟ್ಟು ಎದ್ದಳು. "ಕಂಬಕ್ಕೆ ಬೆಳಗ್ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ, ವಿಚಾರಿಸು" ಎಂದಳು.